ಎಲ್ಲ ಗ್ರಂಥಾಲಯಗಳನ್ನೂ ಒಂದೇ ಕಡೆ ಹುಡುಕಲು ಆಗಲ್ವಾ?

ಪ್ರಿಯ ಓದುಗರೇ,

ಒಂದು ಹಳೆಯ ಪುಸ್ತಕಕ್ಕಾಗಿ ಐದು ಡಿಜಿಟಲ್ ಗ್ರಂಥಾಲಯಗಳಲ್ಲಿ ಬೇರೆ ಬೇರೆಯಾಗಿ ಹುಡುಕಬೇಕಾಯಿತು, ಇವೆಲ್ಲ ಒಂದಕ್ಕೊಂದು ಮಾತಾಡುವ ತಂತ್ರಜ್ಞಾನ ಇನ್ನೂ ಬಂದಿಲ್ವಾ ಎಂದು ಕೇಳಿದ್ದೀರಿ. ಬಂದು ಬಹಳ ಕಾಲವಾಯಿತು. ಕೊರತೆ ಇರುವುದು ಬೇರೆ ಕಡೆ.

ಒಂದು ಗ್ರಂಥಾಲಯದ ಕಂಪ್ಯೂಟರ್ ಇನ್ನೊಂದರ ಕ್ಯಾಟಲಾಗ್‌ನಲ್ಲಿ ಹುಡುಕಲು ಬೇಕಾದ ಝಡ್ 39.50 ಎಂಬ ಮಾನದಂಡ 1988ರಲ್ಲೇ ಬಂತು. ಇದರಿಂದ ನೀವು ಒಂದು ಕಡೆ ಕೇಳಿದ ಪ್ರಶ್ನೆ ಆ ಕ್ಷಣವೇ ಹಲವು ಕ್ಯಾಟಲಾಗ್‌ಗಳಿಗೆ ಹೋಗಬಹುದು. ಆದರೆ ಒಂದು ಸರ್ವರ್ ನಿಧಾನವಾದರೂ ನೀವು ಕಾಯಬೇಕು. 1999ರಲ್ಲಿ ಅಮೆರಿಕದ ಸಾಂಟಾ ಫೆಯಲ್ಲಿ ಸಭೆ ಸೇರಿದ ಡಿಜಿಟಲ್ ಸಂಗ್ರಹಗಳ ತಜ್ಞರು ಬೇರೆ ದಾರಿ ಹಿಡಿದರು. ಅದರಿಂದ 2001ರಲ್ಲಿ ಒಎಐ-ಪಿಎಂಎಚ್ ಎಂಬ, ವಿವರಗಳನ್ನು ಸಂಗ್ರಹಿಸುವ ಪದ್ಧತಿ ಹುಟ್ಟಿತು. ಇಲ್ಲಿ ಪುಸ್ತಕಗಳ ವಿವರಗಳನ್ನು ಮೊದಲೇ ಒಂದೆಡೆ ತಂದಿಟ್ಟುಕೊಳ್ಳುತ್ತಾರೆ. ಪುಸ್ತಕ ಮಾತ್ರ ತನ್ನ ಜಾಗದಲ್ಲೇ ಇರುತ್ತದೆ. ಮುಂದಿನ ಸಲ ಹೊಸದಾಗಿ ಸೇರಿದ್ದು, ಬದಲಾಗಿದ್ದು ಇಷ್ಟನ್ನೇ ಕೇಳಿದರೆ ಸಾಕು. ನನಗೆ ಇದೇ ಹೆಚ್ಚು ಸರಿ ಅನ್ನಿಸುತ್ತದೆ, ಏಕೆಂದರೆ ಚಿಕ್ಕ ಗ್ರಂಥಾಲಯವೂ ಇದನ್ನು ನಡೆಸಬಹುದು.

ಹಾಗಿದ್ದರೂ ನಿಮ್ಮ ಪುಸ್ತಕ ಒಂದೇ ಕಡೆ ಹುಡುಕಿದರೆ ಯಾಕೆ ಸಿಗುವುದಿಲ್ಲ? ಈ ಪದ್ಧತಿಯಲ್ಲಿ ಎಲ್ಲರೂ ಕನಿಷ್ಠ ಡಬ್ಲಿನ್ ಕೋರ್ ಎಂಬ ಸರಳ ನಮೂನೆಯಲ್ಲಿ ವಿವರ ಕೊಡಬೇಕು. ಅದರಲ್ಲಿ 15 ಅಂಶಗಳಿವೆ: ಹೆಸರು, ಕರ್ತೃ, ದಿನಾಂಕ, ವಿಷಯ ಇತ್ಯಾದಿ. ಈ ಅಂಶಗಳಲ್ಲಿ ಯಾವುದನ್ನೂ ತುಂಬುವುದು ಕಡ್ಡಾಯವಲ್ಲ. ದಿನಾಂಕವನ್ನೇ ನೋಡಿ. ಒಬ್ಬರು ಪುಸ್ತಕ ಅಚ್ಚಾದ ವರ್ಷ ಬರೆಯುತ್ತಾರೆ, ಇನ್ನೊಬ್ಬರು ಸ್ಕ್ಯಾನ್ ಮಾಡಿದ ವರ್ಷ ಹಾಕುತ್ತಾರೆ. ಎರಡನ್ನೂ ಕಂಪ್ಯೂಟರ್ ಒಪ್ಪುತ್ತದೆ. ನೀವು ವರ್ಷ ಹಾಕಿ ಹುಡುಕಿದರೆ ಅರ್ಧ ಪುಸ್ತಕಗಳು ಮಾಯ! ಕರ್ತೃವಿನ ಹೆಸರೂ ಹಾಗೆಯೇ. ಒಂದು ಕಡೆ ಇನಿಷಿಯಲ್ ಮೊದಲು, ಇನ್ನೊಂದು ಕಡೆ ಕೊನೆಗೆ, ಮತ್ತೊಂದು ಕಡೆ ಬೇರೆ ಲಿಪಿಯಲ್ಲಿ. ಒಬ್ಬರೇ ಲೇಖಕರು ಮೂವರಾಗುತ್ತಾರೆ. ಇದನ್ನು ಸರಿಪಡಿಸಲೆಂದೇ ಹಲವು ದೇಶಗಳ ರಾಷ್ಟ್ರೀಯ ಗ್ರಂಥಾಲಯಗಳು ತಮ್ಮ ಲೇಖಕರ ಪಟ್ಟಿಗಳನ್ನು ವಿಐಎಎಫ್ ಎಂಬ ಅಂತರರಾಷ್ಟ್ರೀಯ ಹೆಸರುಪಟ್ಟಿಯಲ್ಲಿ ಜೋಡಿಸಿವೆ.

ಇನ್ನೊಂದು ತೊಂದರೆ ಕಡತ ಅಳಿಸಿದಾಗ ಬರುತ್ತದೆ. ಅಳಿಸಿದ್ದನ್ನು ತಿಳಿಸಲೇಬೇಕೆಂಬ ನಿಯಮ ಒಎಐ-ಪಿಎಂಎಚ್‌ನಲ್ಲಿಲ್ಲ. ಹೀಗಾಗಿ ವಿವರ ಕಾಣುತ್ತದೆ, ಕ್ಲಿಕ್ ಮಾಡಿದರೆ ಏನೂ ತೆರೆಯುವುದಿಲ್ಲ.

ಇದಕ್ಕೆ ಇನ್ನೊಂದು ಸಾಫ್ಟ್‌ವೇರ್ ಕೊಂಡರೆ ಸುಮ್ನೆ ಖರ್ಚು. ಕ್ಯಾಟಲಾಗ್ ಮಾಡುವವರು ಬೇಕು, ಅವರಿಗೆ ಸಮಯ ಬೇಕು. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಬಜೆಟ್ ಕಡಿತವಾದಾಗ ಮೊದಲು ನಿಲ್ಲುವುದೂ ಇದೇ. ಇದು ನನಗೆ ನಿಜವಾಗಿಯೂ ಬೇಸರ ತರುತ್ತದೆ.

ನೀವು ಬಳಸುವ ಗ್ರಂಥಾಲಯಕ್ಕೆ ಎರಡು ಪ್ರಶ್ನೆ ಕೇಳಿ. ನಿಮ್ಮ ವಿವರಗಳನ್ನು ಬೇರೆಯವರು ಪಡೆಯಲು ಬಿಟ್ಟಿದ್ದೀರಾ? ಪ್ರತಿ ಪುಸ್ತಕಕ್ಕೂ ಬದಲಾಗದ ವೆಬ್ ವಿಳಾಸ ಕೊಟ್ಟಿದ್ದೀರಾ? ತಪ್ಪು ವಿವರ ಕಂಡರೆ ಪುಸ್ತಕದ ಹೆಸರಿನ ಜೊತೆ ಅವರಿಗೇ ಬರೆದು ತಿಳಿಸಿ.

— ಸಂಪಾದಕ