ಸಕ್ಕರೆ ಪೊಟ್ಟಣದ ಹಾಸ್ಯ, ಶುಕ್ರವಾರದ ದೀಪ

ಗುರುತು ಸಿಗುವಂಥ ವಿವರಗಳನ್ನು ಬದಲಿಸಿ, ಆಕೆಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನಾನು ನ್ಯೂಜೆರ್ಸಿಯಲ್ಲಿ ಆಪ್ತಸಲಹೆ ನೀಡುವವಳು. ಆಕೆ ಅಲ್ಲಿಯದೇ ಒಂದು ಯಹೂದಿ ಮನೆತನದ, ಮೂವತ್ತರ ಆಸುಪಾಸಿನ ಯುವತಿ. ಹಗಲು ಕಚೇರಿ ಕೆಲಸ, ರಾತ್ರಿ ನ್ಯೂಯಾರ್ಕ್‌ನ ಕ್ಲಬ್ಬುಗಳಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿ, ಚುನಾವಣೆ ಸಮೀಪಿಸಿದಾಗ ಒಬ್ಬ ಅಭ್ಯರ್ಥಿಯ ಪರವಾಗಿ ಮನೆಮನೆ ಪ್ರಚಾರ. ಹಾಸ್ಯ, ರಾಜಕೀಯ, ಯಹೂದಿತನ ಈ ಮೂರರಲ್ಲಿ ಯಾವುದನ್ನು ಬಿಡಬೇಕೆಂದು ಹೇಳಿಬಿಡಿ ಎಂದೇ ಆಕೆ ನನ್ನ ಬಳಿಗೆ ಬಂದಿದ್ದಳು.

ಮೇಲ್ನೋಟಕ್ಕೆ ಅದು ಸಮಯದ ತೊಂದರೆಯಂತೆ ಕಾಣುತ್ತಿತ್ತು. ಕ್ಲಬ್ಬುಗಳು ತುಂಬುವುದು ಶುಕ್ರವಾರ, ಶನಿವಾರದ ರಾತ್ರಿ. ಸ್ವಯಂಸೇವಕರು ಬಾಗಿಲು ತಟ್ಟುವುದು ಶನಿವಾರ ಹಗಲು. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ನಕ್ಷತ್ರ ಮೂಡುವವರೆಗೆ. ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಆಕೆ ರೈಲಿನಲ್ಲಿರುತ್ತಿದ್ದಳು.

ನಿಜವಾದ ನೋವು ಬೇರೆ ಕಡೆ ಇತ್ತು. ಹೋಟೆಲಿಗೆ ಹೋದಾಗಲೆಲ್ಲ ಮೇಜಿನ ಮೇಲಿನ ಸಕ್ಕರೆ ಪೊಟ್ಟಣಗಳನ್ನು ಕೈಚೀಲಕ್ಕೆ ಹಾಕಿಕೊಳ್ಳುವ ಅಜ್ಜಿಯ ಬಗ್ಗೆ ಆಕೆ ಒಂದು ಪ್ರಸಂಗ ಕಟ್ಟಿದ್ದಳು. ಒಂದು ರಾತ್ರಿ ಅದನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನವನೊಬ್ಬ ಯಹೂದಿಗಳನ್ನೂ ಹಣವನ್ನೂ ಸೇರಿಸಿ ಹಳೆಯ ಹೀನ ಮಾತೊಂದನ್ನು ಕೂಗಿದ, ನಾಲ್ಕಾರು ಜನ ನಕ್ಕರು. ಆ ತುಣುಕು ಮೊಬೈಲುಗಳಲ್ಲಿ ಹರಿದಾಡಿತು. ಚುನಾವಣೆ ಮುಗಿಯುವವರೆಗೆ ವೇದಿಕೆಯಲ್ಲಿ ಯಹೂದಿ ವಿಷಯವೇ ಬೇಡ ಎಂದು ಪ್ರಚಾರದ ಮೇಲ್ವಿಚಾರಕರು ಹೇಳಿದರು. ತಂದೆ ಯುರೋಪಿನ ಯಹೂದಿಗಳ ಮನೆಮಾತಾಗಿದ್ದ ಯಿದ್ದಿಷ್‌ನ ಒಂದೇ ಪದ ಆಡಿ ಫೋನಿಟ್ಟರು: ‘ಶಾಂಡಾ’. ನಾಚಿಕೆಗೇಡು, ಅದರಲ್ಲೂ ಹೊರಗಿನವರೆದುರು ಮಾನ ಕಳೆಯುವುದು ಎಂಬರ್ಥದ ಆ ಪದವನ್ನು ಕೇಳಿದಾಗ, ‘ಮನೆಯ ಮಾತು ಬೀದಿಗೆ ಹೋಗಬಾರದು’ ಎನ್ನುತ್ತಿದ್ದ ನನ್ನ ತಾಯಿಯ ನೆನಪಾಗಿ, ಆ ತಂದೆಯ ಭಯ ನನಗೆ ಅರ್ಥವಾಯಿತು. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಂದರಲ್ಲಿ 11 ಮಂದಿಯನ್ನು ಗುಂಡಿಟ್ಟು ಕೊಂದ ಮೇಲೆ ಆ ಭಯವನ್ನು ಅತಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಎರಡನೆಯ ಭೇಟಿಯಲ್ಲಿ ನಾನೇ ತಪ್ಪಿದೆ. ದಣಿವು ಕಂಡು, ಪ್ರಚಾರದ ಕೆಲಸವನ್ನಾದರೂ ಸ್ವಲ್ಪ ದಿನ ನಿಲ್ಲಿಸಿ ನೋಡು ಎಂದೆ. ಮುಂದಿನ ವಾರ ಆಕೆ ಇನ್ನಷ್ಟು ಕುಗ್ಗಿ ಬಂದಳು, ಬಂದವಳೇ ಹೊಸ ಪ್ರಸಂಗವೊಂದನ್ನು ಹೇಳಿದಳು. ಸಿನಗಾಗ್‌ನ ಬಾಗಿಲಲ್ಲಿ ಕಾವಲುಗಾರ ಆಕೆಯ ಚೀಲ ತೆರೆಯುತ್ತಾನೆ. ಒಳಗೆ ಚುನಾವಣೆಯ ಕರಪತ್ರಗಳು. ‘ಬಾಂಬಾಗಿದ್ದರೆ ಪೊಲೀಸರನ್ನು ಕರೆಯುತ್ತಿದ್ದೆ, ಇದಕ್ಕೆ ಯಾರನ್ನು ಕರೆಯಲಿ?’ ಎನ್ನುತ್ತಾನೆ. ನಾನು ನಕ್ಕೆ. ನಗುವಾಗ ಆಕೆ ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಪ್ರೇಕ್ಷಕರಲ್ಲಿ, ತಂದೆಯಲ್ಲಿ, ಮೇಲ್ವಿಚಾರಕರಲ್ಲಿ, ಈಗ ನನ್ನಲ್ಲಿಯೂ ಆಕೆ ಹುಡುಕುತ್ತಿದ್ದುದು ಅಪ್ಪಣೆಯನ್ನು ಎಂದು ನನಗೆ ಹೊಳೆದದ್ದು ಆಗ. ಹಿಂದಿನ ವಾರದ ಸಲಹೆಯನ್ನು ಅಲ್ಲೇ ಹಿಂದಕ್ಕೆ ಪಡೆದೆ.

ಅಲ್ಲಿಂದ ಮುಂದೆ ಮನೆತನದ ಕಥೆ ಕೇಳಿದೆ. ಆಕೆಯ ತಾತ ಯೌವನದಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ವಿಶ್ರಾಂತಿ ಹೋಟೆಲೊಂದರಲ್ಲಿ ಬಡಿಸುವ ಕೆಲಸ ಮಾಡಿದ್ದರು. ಬೇರೆಡೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಯಹೂದಿ ಸಂಸಾರಗಳು ಬೇಸಿಗೆ ಕಳೆಯುತ್ತಿದ್ದ, ಎಷ್ಟೋ ಹಾಸ್ಯಗಾರರು ಪಳಗಿದ ಜಾಗ ಅದು. 1965ರಲ್ಲಿ ಸೆಲ್ಮಾದಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ನಡೆದ ಯಹೂದಿ ಧರ್ಮಗುರು ರಬ್ಬಿ ಹೆಶೆಲ್ ಅವರ ಚಿತ್ರ ತಂದೆಯ ಓದುಕೋಣೆಯಲ್ಲೇ ತೂಗಾಡುತ್ತಿದೆಯಂತೆ. ನಗಿಸುವುದೂ ಬೀದಿಗಿಳಿಯುವುದೂ ಆಕೆ ಹೊರಗಿನಿಂದ ತಂದ ಚಟಗಳಲ್ಲ, ಮನೆಯಲ್ಲೇ ಇದ್ದವು. ಇದನ್ನು ನಾನು ಹೇಳಬೇಕಾಗಲಿಲ್ಲ. ಹೇಳುತ್ತ ಹೇಳುತ್ತ ಆಕೆಯೇ ಮೌನವಾದಳು.

ನಾನು ಕೊಟ್ಟ ಸಲಹೆ ಹೀಗಿತ್ತು. ಆ ರಾತ್ರಿಯ ಧ್ವನಿಮುದ್ರಿಕೆಯನ್ನು ಪೆನ್ಸಿಲ್ ಹಿಡಿದು ಕೇಳಿ, ಯಾವ ಪದಕ್ಕೆ ನಗು ಬಂತೆಂದು ಗುರುತು ಮಾಡು; ಕೂಗಿದವನ ಪಾಪವನ್ನು ನಿನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಡ, ಆದರೆ ಪ್ರಸಂಗದಲ್ಲಿ ಅವನು ಒಳನುಗ್ಗಿದ ಸಂದಿ ಯಾವುದೆಂದು ನೋಡು. ಅಜ್ಜಿ ಬದುಕಿರುವಾಗ ಅವರ ಕಥೆಯನ್ನು ಅವರಿಗೆ ಮೊದಲು ಹೇಳು. ವೇದಿಕೆಯಲ್ಲಿ ಅಭ್ಯರ್ಥಿಯ ಹೆಸರೆತ್ತಬೇಡವೆಂದು ಕೇಳುವ ಹಕ್ಕು ಪ್ರಚಾರದವರಿಗಿದೆ. ನೀನು ಯಹೂದಿ ಎಂಬುದನ್ನು ಮುಚ್ಚಿಡು ಎನ್ನುವ ಹಕ್ಕಿಲ್ಲ ಎಂದು ಅವರಿಗೆ ಬರೆದು ತಿಳಿಸು. ಮತದಾರರ ಬಾಗಿಲಲ್ಲಿ ಹೊಸ ಹಾಸ್ಯವನ್ನು ಪರೀಕ್ಷಿಸಬೇಡ, ಅವರು ಟಿಕೆಟ್ ಕೊಂಡವರಲ್ಲ. ಪ್ರಚಾರಕ್ಕೆ ಭಾನುವಾರದ ಪಾಳಿ ಕೇಳಿಕೊಂಡು, ಶುಕ್ರವಾರದ ಸಂಜೆಗಳಲ್ಲಿ ಎಷ್ಟು ಮನೆಗೆ, ಎಷ್ಟು ಕ್ಲಬ್ಬಿಗೆ ಎಂಬುದನ್ನು ತಿಂಗಳ ಮೊದಲೇ ನೀನೇ ತೀರ್ಮಾನಿಸು.

ಅಜ್ಜಿಯ ಬಳಿ ಹೋಗಲು ಆಕೆಗೆ ಐದು ವಾರ ಬೇಕಾಯಿತು. ಪ್ರಸಂಗವನ್ನು ಪೂರ್ತಿ ಕೇಳಿದ ಅಜ್ಜಿ, ಯುದ್ಧದ ಕಾಲದಲ್ಲಿ ತಾವು ಪುಟ್ಟ ಹುಡುಗಿಯಾಗಿದ್ದಾಗ ಎರಡು ಚಳಿಗಾಲ ಸಕ್ಕರೆಯ ರುಚಿಯನ್ನೇ ಕಾಣದಿದ್ದುದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಆಮೇಲೆ, ಪೊಟ್ಟಣಗಳ ಸಂಖ್ಯೆ ಕಡಿಮೆ ಹೇಳಿದ್ದೀ ಎಂದು ತಿದ್ದಿದರು. ಈಗ ಆ ಎರಡು ಚಳಿಗಾಲಗಳು ಪ್ರಸಂಗದ ಆರಂಭದಲ್ಲೇ ಬರುತ್ತವೆ. ತಂದೆ ಇನ್ನೂ ಒಂದು ಪ್ರದರ್ಶನಕ್ಕೂ ಬಂದಿಲ್ಲ. ಆದರೆ ತಿಂಗಳಲ್ಲಿ ಮೂರು ಶುಕ್ರವಾರ ಆಕೆ ಮೇಜಿನ ಬಳಿ ಇರುತ್ತಾಳೆ, ನಾಲ್ಕನೆಯ ಶುಕ್ರವಾರ ಎಷ್ಟು ಗಂಟೆಯ ರೈಲು ಎಂದು ಅವರೇ ಕೇಳುತ್ತಾರೆ.