ಹೆಬ್ಬೆರಳ ಗಂಟು ಕೆತ್ತಿಸಿದರೆ ಹೋಗುತ್ತಾ?

ಪ್ರಶ್ನೆ: ನನಗೆ 46 ವರ್ಷ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಕೆಲಸ, ದಿನಕ್ಕೆ ಒಂಬತ್ತು ತಾಸು ಮಷಿನ್ ಮುಂದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮೂಳೆ ಗಂಟಿನ ಹಾಗೆ ಬೆಳೆದಿದೆ. ಬೆರಳು ವಾಲಿ ಪಕ್ಕದ ಬೆರಳಿನ ಕಾಲುಂಗುರಕ್ಕೆ ಒತ್ತುತ್ತದೆ, ಸಂಜೆಗೆ ಉರಿ. ನಮ್ಮವ್ವನಿಗೂ ಹೀಗೇ ಇತ್ತು. ನಾನು ಹೈ ಹೀಲ್ಸ್ ಹಾಕಿದವಳೇ ಅಲ್ಲ. ಕೆತ್ತಿಸಿಬಿಡು, ಲೇಸರ್‌ನಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ ಅಂತಾರೆ. ನಿಜವಾ ಡಾಕ್ಟ್ರೇ?
– ಒಬ್ಬ ಓದುಗರು, ಬಳ್ಳಾರಿ

ಉತ್ತರ: ಮೊದಲು ಕೈಬೆರಳು ಮಡಚಿ ನೋಡಿ ಅಕ್ಕಾ. ಗೆಣ್ಣು ಮೇಲೆದ್ದು ಕಾಣುತ್ತೆ ಅಲ್ವಾ? ಅಲ್ಲಿ ಹೊಸ ಮೂಳೆ ಬೆಳೆದಿಲ್ಲ, ಕೀಲು ಬಾಗಿದೆ ಅಷ್ಟೆ. ನಿಮ್ಮ ಕಾಲಲ್ಲಿ ಆಗಿರುವುದೂ ಬಹುಪಾಲು ಅದೇ. ಹೆಬ್ಬೆರಳಿನ ಹಿಂದೆ ಪಾದದೊಳಗೆ ಒಂದು ಉದ್ದ ಮೂಳೆ ಇದೆ, ಅದು ವರ್ಷಗಟ್ಟಲೆ ಮೆಲ್ಲಗೆ ಇನ್ನೊಂದು ಕಾಲಿನ ಕಡೆ ವಾಲುತ್ತದೆ, ಬೆರಳು ಮಾತ್ರ ಉಲ್ಟಾ ತಿರುಗಿ ಎರಡನೇ ಬೆರಳಿನ ಕಡೆ ಹೋಗುತ್ತದೆ, ಇವೆರಡೂ ಸೇರುವ ಕೀಲು ಹೊರಗೆ ಚಾಚಿಕೊಳ್ಳುತ್ತದೆ. ಚಪ್ಪಲಿ ಪಟ್ಟಿ ಅದರ ಮೇಲೇ ಉಜ್ಜಿ ಚರ್ಮ ದಪ್ಪವಾಗುತ್ತದೆ, ಊದುತ್ತದೆ. ಇದಕ್ಕೆ ಬನಿಯನ್ ಅಂತ ಹೆಸರು. ಮೈಗೆ ಹಾಕೋ ಬನೀನಿಗೂ ಇದಕ್ಕೂ ಸಂಬಂಧ ಇಲ್ಲ. ಚೀಟಿಯಲ್ಲಿ ಹ್ಯಾಲಕ್ಸ್ ವ್ಯಾಲ್ಗಸ್ ಅಂತ ಬರೆದಿದ್ದರೆ ಅದೂ ಇದೇ.

ಹೀಲ್ಸ್ ಹಾಕದವರಿಗೂ ಬರುತ್ತದೆ. ಅವ್ವನಿಗಿತ್ತು ಅಂದಿರಲ್ಲ, ಪಾದದ ಆಕಾರ, ಕೀಲಿನ ಸಡಿಲ ಮನೆತನದಲ್ಲೇ ಬರುತ್ತವೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮುಂದೆ ಇಕ್ಕಟ್ಟಾದ ಚಪ್ಪಲಿ ಇದ್ದದ್ದನ್ನು ಇನ್ನಷ್ಟು ಕೆರಳಿಸುತ್ತದೆ. ಬೆಳಗ್ಗೆ ಕೈ ಗೆಣ್ಣುಗಳೂ ಬಿಗಿದುಕೊಂಡು ತಾಸುಗಟ್ಟಲೆ ಸಡಿಲ ಆಗುತ್ತಿಲ್ಲ ಅಂದರೆ ಮಾತ್ರ ಸಂಧಿವಾತದ ರಕ್ತಪರೀಕ್ಷೆ ಮಾಡಿಸಿ.

ಇವತ್ತು ಸಂಜೆ, ಕಾಲು ಊದಿದ ಹೊತ್ತಿನಲ್ಲೇ, ಒಂದು ಹಾಳೆ ಮೇಲೆ ನಿಂತು ಪೆನ್ಸಿಲ್‌ನಿಂದ ಪಾದದ ಸುತ್ತ ಗೆರೆ ಎಳೆಸಿ. ಅದರ ಮೇಲೆ ನಿಮ್ಮ ಚಪ್ಪಲಿ ಇಡಿ. ಗೆರೆ ಚಪ್ಪಲಿಯಿಂದ ಆಚೆ ಹೋದರೆ ಆ ಚಪ್ಪಲಿ ನಿಮ್ಮದಲ್ಲ. ಆ ಹಾಳೆಯನ್ನೇ ಅಂಗಡಿಗೆ ಒಯ್ದು ಅಗಲವಾದ, ಮೆತ್ತಗಿನದು ಹುಡುಕಿ. ನಮ್ಮಮ್ಮ ಬ್ಲೇಡ್ ತಗೊಂಡು ಚಪ್ಪಲಿ ಪಟ್ಟಿಯಲ್ಲಿ ಗಂಟಿನ ಜಾಗಕ್ಕೆ ಸರಿಯಾಗಿ ತೂತು ಕೊರೆದುಕೊಂಡಿದ್ದಳು, ನಾನು ಡಾಕ್ಟರ್ ಆದಮೇಲೆ ಅದಕ್ಕಿಂತ ಒಳ್ಳೆ ಐಡಿಯಾ ಹೆಚ್ಚೇನೂ ಕಂಡಿಲ್ಲ. ಬೆರಳ ಮಧ್ಯೆ ಸಿಲಿಕೋನ್ ತುಂಡು, ಗಂಟಿನ ಮೇಲೆ ಪ್ಯಾಡ್, ಉರಿ ಇದ್ದಾಗ ಐಸ್ ಇವೆಲ್ಲ ಹಿತ ಕೊಡುತ್ತವೆ. ಪೆಡಲ್ ಮೇಲೆ ಬೆರಳ ತುದಿಯ ಬದಲು ಇಡೀ ಪಾದ ಇಡಿ. ಆನ್‌ಲೈನ್‌ನಲ್ಲಿ ಮಾರುವ ಬೆರಳು ನೇರ ಮಾಡುವ ಬೆಲ್ಟ್ ಇದೆಯಲ್ಲ, ಹಾಕಿದಷ್ಟು ಹೊತ್ತು ಆರಾಮ. ದೊಡ್ಡವರ ಮೂಳೆ ಅದರಿಂದ ನೇರ ಆಗಲ್ಲ, ಸುಮ್ನೆ ದುಡ್ಡು.

ಇಷ್ಟೆಲ್ಲ ಮಾಡಿಯೂ ಕೆಲವು ತಿಂಗಳು ನೋವು ಬಿಡದೆ ಕೆಲಸಕ್ಕೆ ತೊಂದರೆ ಆದರೆ ಆಗ ಆಪರೇಷನ್ ಮಾತು. ಕೆತ್ತಿಸಿಬಿಡು ಅನ್ನೋರಿಗೆ ನಿಮ್ಮ ಭಾಷೆಯಲ್ಲೇ ಕೇಳಿ: ಹೊಲಿಗೆ ಸೊಟ್ಟ ಹೋಗಿ ಬಟ್ಟೆ ಉಬ್ಬಿದರೆ, ಉಬ್ಬಿದ್ದನ್ನು ಕತ್ತರಿಸಿದರೆ ಪ್ಯಾಂಟ್ ಸರಿ ಹೋಗುತ್ತಾ? ಬಿಚ್ಚಿ ಮತ್ತೆ ಹೊಡೀಬೇಕು. ಇಲ್ಲೂ ಹಾಗೇ. ಬರೀ ಗಂಟು ಕೆತ್ತಿದರೆ ವಾಲಿದ ಮೂಳೆ ವಾಲಿಯೇ ಇರುತ್ತದೆ, ಗಂಟು ಮತ್ತೆ ಬರುತ್ತದೆ.

ಅದಕ್ಕೆ ಮೊದಲು ನಿಂತುಕೊಂಡೇ ಎಕ್ಸ್‌ರೇ ತೆಗೆಸಬೇಕು, ಮಲಗಿಸಿ ತೆಗೆದರೆ ಪೂರ್ತಿ ವಾಲು ಕಾಣಲ್ಲ. ಹೆಬ್ಬೆರಳ ವಾಲು 15 ಡಿಗ್ರಿಯೊಳಗಿದ್ದರೆ ಸಹಜ, 40 ದಾಟಿದರೆ ಜೋರಾಗಿದೆ ಅಂತ ಲೆಕ್ಕ. ಆ ಲೆಕ್ಕ ನೋಡಿ ಯಾವ ಆಪರೇಷನ್ ಅಂತ ತೀರ್ಮಾನ. ಸಣ್ಣ, ಮಧ್ಯಮ ವಾಲಿಗೆ ಉದ್ದ ಮೂಳೆಯನ್ನು ವಿ ಆಕಾರದಲ್ಲಿ ಕತ್ತರಿಸಿ ತುದಿಯನ್ನು ಸರಿಸಿ ಸ್ಕ್ರೂ ಹಾಕುತ್ತಾರೆ, ಅದು ಶೆವ್ರಾನ್. ಉದ್ದಕ್ಕೆ ಝಡ್ ಆಕಾರದಲ್ಲಿ ಕತ್ತರಿಸಿ ಸರಿಸುವುದು ಸ್ಕಾರ್ಫ್. ಬಹಳ ವಾಲಿದ್ದರೆ, ಅಥವಾ ಪಾದದ ನಡುವಿನ ಕೀಲೇ ಸಡಿಲ ಇದ್ದರೆ, ಆ ಕೀಲನ್ನೇ ಪ್ಲೇಟ್, ಸ್ಕ್ರೂ ಹಾಕಿ ಕೂಡಿಸಿಬಿಡುತ್ತಾರೆ. ಅದು ಲ್ಯಾಪಿಡಸ್, 1934ರಲ್ಲಿ ಪಾಲ್ ಲ್ಯಾಪಿಡಸ್ ಅನ್ನೋ ಅಮೆರಿಕದ ಸರ್ಜನ್ ಬರೆದ ವಿಧಾನ, ಹೊಸ ಪ್ಲೇಟ್‌ಗಳ ಜೊತೆ ಇವತ್ತಿಗೂ ನಡೆಯುತ್ತಿದೆ. ಬೆರಳ ಬುಡದ ಕೀಲೇ ಪೂರ್ತಿ ಸವೆದಿದ್ದರೆ ಅದನ್ನು ಕೂಡಿಸುವ ಲೆಕ್ಕವೇ ಬೇರೆ.

ನೀವು ಕೇಳಿದ ಲೇಸರ್, ಬಹುಶಃ ಸಣ್ಣ ತೂತಿನ ಆಪರೇಷನ್. ಅದರಲ್ಲಿ ಲೇಸರ್ ಇರಲ್ಲ. ಕೆಲವೇ ಮಿಲಿಮೀಟರಿನ ತೂತುಗಳಲ್ಲಿ, ಹಲ್ಲಿನ ಡಾಕ್ಟರ್ ಬಳಸುವಂಥ ಸಣ್ಣ ಡ್ರಿಲ್ ಹಾಕಿ, ಸಿ-ಆರ್ಮ್ ಎಕ್ಸ್‌ರೇ ಪರದೆ ನೋಡುತ್ತ ಮೂಳೆ ಕತ್ತರಿಸಿ ಸ್ಕ್ರೂ ಕೂಡಿಸುತ್ತಾರೆ. ಗಾಯ ಸಣ್ಣದು, ಮೊದಲ ದಿನಗಳ ನೋವು ಕಮ್ಮಿ. ಆದರೆ ತೂತು ಸಣ್ಣದಾದ ಮಾತ್ರಕ್ಕೆ ಮೂಳೆ ಬೇಗ ಕೂಡುವುದಿಲ್ಲ, ಅದಕ್ಕೆ ಸುಮಾರು ಆರು ವಾರ ಬೇಕೇ ಬೇಕು. ಕೈ ಪಳಗಿದವರೇ ಮಾಡಬೇಕಾದ ಕೆಲಸ ಇದು, ಹಾಗಾಗಿ ಇಂಥವು ಎಷ್ಟು ಮಾಡಿದ್ದೀರಿ ಅಂತ ಸರ್ಜನ್‌ಗೆ ನೇರ ಕೇಳಿ. ಸ್ಕ್ರೂ ದುಡ್ಡು ಪ್ಯಾಕೇಜಲ್ಲಿ ಸೇರಿದೆಯಾ ಅಂತಲೂ.

ಒಂದೇ ದಿನಕ್ಕೆ ಮನೆಗೆ ಬರಬಹುದು, ಅದು ನಿಜ. ಒಂದೇ ದಿನಕ್ಕೆ ಮುಗಿಯಲ್ಲ. ಎರಡು ವಾರ ಕಾಲು ದಿಂಬಿನ ಮೇಲೆ. ಆಮೇಲೆ ಆರು ವಾರದವರೆಗೂ ಗಟ್ಟಿ ಅಡಿಯ ವಿಶೇಷ ಚಪ್ಪಲಿ. ನೀವು ಬಲಗಾಲಲ್ಲೇ ಪೆಡಲ್ ಒತ್ತುವವರು, ಎರಡು ಮೂರು ತಿಂಗಳು ಮಷಿನ್ ಇಲ್ಲ ಅಂತ ಮೊದಲೇ ಮಾಲೀಕರಿಗೆ ಹೇಳಿಡಿ. ಊತ ಪೂರ್ತಿ ಇಳಿಯಲು ಆರು ತಿಂಗಳೂ ಹಿಡಿಯಬಹುದು. ಕೀಲು ಬಿಗಿಯುವುದು, ಬೆರಳ ಜೋಮು, ಸೋಂಕು, ಭಾರ ಪಕ್ಕದ ಬೆರಳ ಬುಡಕ್ಕೆ ಬಿದ್ದು ಅಲ್ಲಿ ನೋವು, ಕೆಲವರಲ್ಲಿ ಗಂಟು ಮರಳುವುದು, ಇವೆಲ್ಲ ಇರುವ ಅಪಾಯಗಳೇ.

ಕಾಲುಂಗುರ? ಆಪರೇಷನ್ ದಿನ ತೆಗೆಯಲೇಬೇಕು. ಬೆರಳು ಊದಿದರೆ ಉಂಗುರ ರಕ್ತ ಓಡಾಟವನ್ನೇ ಕಟ್ಟಿಹಾಕುತ್ತದೆ. ಒಬ್ಬ ತಾಯಿ ಅದನ್ನು ಮನೆದೇವರ ಮುಂದೆ ಬಿಚ್ಚಿಟ್ಟು ಬಂದಿದ್ದರು, ಅತ್ತೆಯೂ ಸುಮ್ಮನಾದರಂತೆ.

ಪ್ರಶ್ನೆ: ಮಗಳಿಗೆ 17 ವರ್ಷ, ಎರಡೂ ಕಾಲಲ್ಲಿ ಗಂಟು ಕಾಣುತ್ತದೆ. ನೋವಿಲ್ಲ. ಮದುವೆ ವಯಸ್ಸಿಗೆ ಬರುವ ಮೊದಲೇ ಆಪರೇಷನ್ ಮಾಡಿಸಿಬಿಡೋಣವಾ?
– ಒಬ್ಬ ತಂದೆ, ಸಿಂಧನೂರು

ಉತ್ತರ: ಬೇಡ. ನೋವಿಲ್ಲದ ಕಾಲಿಗೆ ಚಂದಕ್ಕೋಸ್ಕರ ಕತ್ತಿ ಹಾಕಿಸಿದರೆ ನೋವು ಕೊಂಡುಕೊಂಡ ಹಾಗೆ. ಈ ವಯಸ್ಸಿನಲ್ಲಿ ಮಾಡಿದರೆ ಗಂಟು ತಿರುಗಿ ಬರುವ ಸಾಧ್ಯತೆಯೂ ಜಾಸ್ತಿ. ಅಗಲದ ಚಪ್ಪಲಿ ಕೊಡಿಸಿ. ಹುಡುಗಿಯ ಪಾದ ನೋಡಿ ಮಾತಾಡುವ ಬೀಗರ ಬಗ್ಗೆ ನನ್ನ ಹತ್ತಿರ ಔಷಧಿ ಇಲ್ಲ.

ಪ್ರಶ್ನೆ: 58 ವರ್ಷ, ಶುಗರ್ ಇದೆ. ಹೆಬ್ಬೆರಳ ಗಂಟು ಹಳೆಯದು. ಮೊನ್ನೆ ರಾತ್ರಿ ಇದ್ದಕ್ಕಿದ್ದಂತೆ ಕೆಂಪಾಗಿ, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ಗಂಟಿನ ಮೇಲೆ ಚರ್ಮ ಕೂಡ ಸ್ವಲ್ಪ ಸುಲಿದಿದೆ.
– ಒಬ್ಬ ಓದುಗರು, ಗಂಗಾವತಿ

ಉತ್ತರ: ಅಣ್ಣಾ, ಬನಿಯನ್ ಒಂದು ರಾತ್ರಿಯಲ್ಲಿ ಹೀಗೆ ಕೆರಳುವುದು ಅಪರೂಪ. ಅದೇ ಕೀಲಿಗೆ ಗೌಟ್ ಬರುತ್ತದೆ, ಯೂರಿಕ್ ಆಸಿಡ್ ಹರಳು ಕೂತು. ಇಲ್ಲಾ, ಸುಲಿದ ಜಾಗದಿಂದ ಸೋಂಕು ಒಳಗೆ ಹೋಗಿರಬಹುದು, ಶುಗರ್ ಇರುವವರಲ್ಲಿ ನನಗೆ ಹೆದರಿಕೆ ಇದರದ್ದೇ. ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಗೊತ್ತಾಗಲ್ಲ. ಇವತ್ತೇ ತೋರಿಸಿ. ಬ್ಲೇಡಲ್ಲಿ ಚರ್ಮ ಕೆರೆಯಬೇಡಿ, ಬಿಸಿನೀರಲ್ಲಿ ಕಾಲು ಅದ್ದಬೇಡಿ, ಸ್ಪರ್ಶ ಕಮ್ಮಿ ಇದ್ದರೆ ಸುಟ್ಟಿದ್ದೂ ತಿಳಿಯಲ್ಲ. ಆಪರೇಷನ್ ವಿಚಾರ ಗಾಯ ಮಾಗಿ ಶುಗರ್ ಹತೋಟಿಗೆ ಬಂದ ಮೇಲೆ. ಬೀಡಿ ಇದ್ದರೆ ಅದನ್ನೂ ಬಿಡಬೇಕಾಗುತ್ತದೆ, ಮೂಳೆ ಕೂಡಲು ಬಿಡಲ್ಲ ಅದು. ತೋರಿಸಲು ಹೋಗುವಾಗ ದಿನಾ ಹಾಕುವ ಚಪ್ಪಲಿಯನ್ನೂ ಚೀಲದಲ್ಲಿ ಒಯ್ಯಿರಿ, ಹಬ್ಬಕ್ಕೆ ಎತ್ತಿಟ್ಟ ಹೊಸದು ಬೇಡ. ಎಲ್ಲಿ ಸವೆದಿದೆ ಅಂತ ಡಾಕ್ಟರ್ ನೋಡಬೇಕು.