ಮೈಸೂರಿನ ಸೈಟು, ನ್ಯೂಜೆರ್ಸಿಯ ಗ್ರಾಂಟು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ಕೆಲವು ವಿವರ, ಮೊತ್ತಗಳನ್ನು ಬದಲಿಸಿದ್ದೇನೆ. ಬರೆಯೋದಕ್ಕೆ ಕುಟುಂಬದ ಒಪ್ಪಿಗೆ ಇದೆ.

ನ್ಯೂಜೆರ್ಸಿಯಲ್ಲಿ ನೆಲೆಸಿರುವ, ಗ್ರೀನ್ ಕಾರ್ಡ್ ಇರುವ ಮೈಸೂರು ಕಡೆಯ ಕುಟುಂಬ. ತಂದೆಗೆ ಔಷಧ ಕಂಪನಿಯ ಲ್ಯಾಬ್‌ನಲ್ಲಿ ಕೆಲಸ, ತಾಯಿಗೆ ಡೇಕೇರ್‌ನಲ್ಲಿ. ಮಗ 2025ರ ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದ. ಮಗಳು ಒಂದು ಖಾಸಗಿ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಹೋಗುವವಳು. ಮೊದಲ ವರ್ಷ ಕಾಲೇಜು 31,000 ಡಾಲರ್ ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ಸಹಾಯಧನ) ಕೊಟ್ಟಿತ್ತು. ಜೂನ್‌ನಲ್ಲಿ ಬಂದ ಹೊಸ ಪತ್ರದಲ್ಲಿ ಅದು 14,000ಕ್ಕೆ ಇಳಿದಿತ್ತು. ಯಾಕೆ ಅಂತ ಒಂದು ಸಾಲೂ ಇರಲಿಲ್ಲ.

ನನ್ನ ಹತ್ತಿರ ಮೊದಲು ಬಂದವರು ತಾಯಿ. ಅದೂ ದುಡ್ಡಿನ ವಿಷಯಕ್ಕಲ್ಲ. "ಅಪ್ಪ, ಮಗಳು ಮಾತು ಬಿಟ್ಟಿದ್ದಾರೆ ಮೇಡಂ, ಊಟಕ್ಕೂ ಒಟ್ಟಿಗೆ ಕೂರಲ್ಲ" ಅಂದರು.

ಮಗಳಿಗೆ ಕೆಮಿಸ್ಟ್ರಿಯಲ್ಲಿ ಸಿ ಗ್ರೇಡ್ ಬಂದಿತ್ತು. ಗ್ರಾಂಟ್ ಕಡಿಮೆಯಾಗಿದ್ದು ಅದಕ್ಕೇ ಅಂದುಕೊಂಡು ಅವಳು ಒಳಗೊಳಗೇ ಕೊರಗುತ್ತಿದ್ದಳು. ತಂದೆ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಫೋನ್ ಮಾಡಿ ಕೂಗಾಡಿದ್ದರು. ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ನಿಮ್ಮ ಜೊತೆ ಮಾತಾಡೋಕಾಗಲ್ಲ ಅಂತ ಅಲ್ಲಿಂದ ಉತ್ತರ ಬಂತು. "ಫೀಸ್ ಕಟ್ಟೋನು ನಾನು. ನನ್ನ ಜೊತೆ ಮಾತಾಡಲ್ವಂತೆ!" ಅಂತ ನನ್ನೆದುರೂ ಸಿಟ್ಟು ಕಾರಿದರು. ಅವರಿಗೆ ನಿಜಕ್ಕೂ ಅವಮಾನವಾಗಿತ್ತು.

ಆಫೀಸಿನವರದ್ದು ಸೊಕ್ಕಲ್ಲ. ಮಕ್ಕಳು ಕಾಲೇಜು ಸೇರಿದ ಮೇಲೆ ಅವರ ದಾಖಲೆಗಳ ಹಕ್ಕು ಅವರದೇ ಅಂತ ಅಮೆರಿಕದಲ್ಲಿ 1974ರಿಂದ ಫೆರ್ಪಾ ಅನ್ನುವ ಕಾನೂನು ಇದೆ. ಮಗಳು ಒಪ್ಪಿಗೆ ಫಾರ್ಮ್‌ಗೆ ಸಹಿ ಹಾಕಿದರೆ ಅಪ್ಪನ ಜೊತೆಗೂ ಮಾತಾಡುತ್ತಾರೆ. ಅಷ್ಟೇ. ಗ್ರೇಡ್ ವಿಷಯವನ್ನೂ ಅಂದೇ ಬಗೆಹರಿಸಿದೆವು. ಮನೆಯ ಆದಾಯ ನೋಡಿ ಕೊಡುವ ಗ್ರಾಂಟ್ ಸಾಮಾನ್ಯವಾಗಿ ಒಂದು ಸಿ ಬಂತು ಅಂತ ಹೋಗಲ್ಲ. ಒಟ್ಟು ಸರಾಸರಿ ಕಾಲೇಜು ಹೇಳಿದ ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ ತೊಂದರೆ. ಅವಳ ಸರಾಸರಿ ಚೆನ್ನಾಗೇ ಇತ್ತು. ಇದನ್ನು ಕೇಳಿದ ಮೇಲೇ ಆ ಹುಡುಗಿ ಮೊದಲ ಸಲ ತಲೆ ಎತ್ತಿ ಮಾತಾಡಿದ್ದು.

ಹಾಗಾದರೆ ಕಾರಣ ಏನು? 2025-26ನೇ ಸಾಲಿನ ಫ್ಯಾಫ್ಸಾ, ಅಂದರೆ ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಹಾಯಧನದ ಅರ್ಜಿ, ನೋಡೋದು 2023ರ ಆದಾಯವನ್ನು. ಎರಡು ವರ್ಷ ಹಿಂದಿನ ಲೆಕ್ಕ. ಹಾಗಾಗಿ 2022 ಮತ್ತು 2023ರ ಟ್ಯಾಕ್ಸ್ ರಿಟರ್ನ್ ಎರಡನ್ನೂ ಪಕ್ಕಪಕ್ಕ ಇಡಿಸಿದೆ. ರಿಟರ್ನಿನ 1040 ಫಾರ್ಮಿನಲ್ಲಿ, ಕೆಲವು ಕಡಿತಗಳ ನಂತರದ ಆದಾಯ ತೋರಿಸುವ 11ನೇ ಸಾಲಿನಲ್ಲಿ, ಒಂದೇ ವರ್ಷಕ್ಕೆ ಸುಮಾರು 70,000 ಡಾಲರ್ ಏರಿತ್ತು.

"ಇದೇನು ಸರ್?" ಅಂದೆ. ತಂದೆ ಉತ್ತರ ಕೊಡಲು ಹಿಂದೆ ಮುಂದೆ ನೋಡಿದರು. ಆಮೇಲೆ ಹೇಳಿದರು. ಮೈಸೂರಿನಲ್ಲಿದ್ದ ಸೈಟನ್ನು 2023ರಲ್ಲಿ ಮಾರಿದ್ದರು. ಅವರ ತಂದೆಗೆ ಸ್ಟ್ರೋಕ್ ಆಗಿತ್ತು. ಐಸಿಯು, ಆಪರೇಷನ್, ಆಮೇಲೆ ಮನೆಯಲ್ಲಿ ಹಗಲು ರಾತ್ರಿ ನರ್ಸ್. ಮಕ್ಕಳಿಗೆ ಗೊತ್ತಿದ್ದದ್ದು "ತಾತನಿಗೆ ಹುಷಾರಿಲ್ಲ" ಅಂತ ಮಾತ್ರ. ಸೈಟು ಹೋದದ್ದು ಮಗಳಿಗೆ ಗೊತ್ತೇ ಇರಲಿಲ್ಲ. "ನಿನ್ನ ಮದುವೆಗೆ ಅಂತ ಇಟ್ಟಿದ್ದೆ ಕಣಮ್ಮ" ಅಂದರು. "ನಂಗೆ ಸೈಟ್ ಬೇಡ ಅಪ್ಪ, ಒಂದು ಮಾತು ಹೇಳಬೇಕಿತ್ತು" ಅಂದಳು ಅವಳು.

ಗ್ರೀನ್ ಕಾರ್ಡ್ ಇರುವವರು ಅಮೆರಿಕದ ತೆರಿಗೆ ಲೆಕ್ಕದಲ್ಲಿ ಇಂಡಿಯಾದ ಲಾಭವನ್ನೂ ತೋರಿಸಬೇಕು. ಇಂಡಿಯಾದಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ವಿನಾಯಿತಿ ಸಿಕ್ಕಿತ್ತು, ನಿಜ. ಆದರೆ ಅದು ತೆರಿಗೆಯನ್ನು ಇಳಿಸುತ್ತದೆಯೇ ಹೊರತು ಆದಾಯದ ಸಾಲನ್ನು ಇಳಿಸಲ್ಲ. ಆಫೀಸಿನವರ ಕಣ್ಣಿಗೆ ಬಿದ್ದದ್ದು, ಚೆನ್ನಾಗಿ ದುಡಿದ ಒಂದು ಕುಟುಂಬ. ಆ ದುಡ್ಡು ಮೈಸೂರಿನ ಆಸ್ಪತ್ರೆಗೆ ಹೋಗಿದೆ ಅಂತ ಅವರಿಗೆ ಹೇಳಿದವರು ಯಾರು?

ಹೇಳೋದಕ್ಕೆ ದಾರಿ ಇದೆ. 1965ರ ಉನ್ನತ ಶಿಕ್ಷಣ ಕಾಯ್ದೆಯ 479ಎ ಸೆಕ್ಷನ್ ಪ್ರಕಾರ, ಕುಟುಂಬದ ವಿಶೇಷ ಪರಿಸ್ಥಿತಿ ನೋಡಿ ಲೆಕ್ಕ ತಿದ್ದುವ ಅಧಿಕಾರ ಏಡ್ ಆಫೀಸರ್‌ಗೆ ಇದೆ. ಇದಕ್ಕೆ ಪ್ರೊಫೆಷನಲ್ ಜಡ್ಜ್‌ಮೆಂಟ್ ಅಂತಾರೆ. ಕೆಲಸ ಹೋದದ್ದು, ಇನ್ಶೂರೆನ್ಸ್ ಕೊಡದ ಆಸ್ಪತ್ರೆ ಖರ್ಚು, ಇಂಥವೆಲ್ಲ ಬರುತ್ತವೆ. ಬಂದ ಮನವಿಗಳನ್ನೆಲ್ಲ ನೋಡದೆ ತಳ್ಳಿಹಾಕುವ ನಿಯಮ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಕಾಲೇಜು ಹೇಳಿದ್ದೇ ಕೊನೆ. ಮೇಲೆ ಶಿಕ್ಷಣ ಇಲಾಖೆಗೆ ಹೋಗಿ ದೂರೋಕಾಗಲ್ಲ. ಅದಕ್ಕೇ ಮೊದಲ ಪತ್ರವನ್ನೇ ಸರಿಯಾಗಿ ಬರೆಯಬೇಕು.

ತಂದೆಗೆ ಇದು ಕೈ ಚಾಚಿದ ಹಾಗೆ ಅನಿಸಿತು. ನಮ್ಮ ಜನರಲ್ಲಿ ಈ ಸಂಕೋಚ ಜಾಸ್ತಿ. ಇದರಿಂದ ಎಷ್ಟೋ ಮಕ್ಕಳು ಸುಮ್ನೆ ಸಾಲದಲ್ಲಿ ಬಿದ್ದಿದ್ದಾರೆ ಅನ್ನೋದು ನನಗೆ ಬಹಳ ನೋವಿನ ವಿಷಯ. ನಾನು ಅವರಿಗೆ ಹೇಳಿದ್ದಿಷ್ಟೇ: ನೀವು ದಯೆ ಕೇಳುತ್ತಿಲ್ಲ, ಅವರ ಲೆಕ್ಕಕ್ಕೆ ಬೇಕಾದ ಮಾಹಿತಿ ಕೊಡುತ್ತಿದ್ದೀರಿ.

ಅವರು ಬರೆದಿದ್ದ ಮೊದಲ ಪತ್ರ ನಾಲ್ಕು ಪುಟ ಇತ್ತು. ಅಮೆರಿಕಕ್ಕೆ ಬಂದ ಕಥೆ, ಕಟ್ಟಿದ ತೆರಿಗೆ, ಗೆಳೆಯರ ಮಗಳಿಗೆ ಸಿಕ್ಕ ಗ್ರಾಂಟ್, ಎಲ್ಲ ಇತ್ತು. ಅದನ್ನು ಪಕ್ಕಕ್ಕಿಟ್ಟು ಮಗಳ ಕೈಯಲ್ಲಿ ಒಂದು ಪುಟ ಬರೆಸಿದೆ. ಸಾರಾಂಶ ಹೀಗಿತ್ತು: "2023ರ ನಮ್ಮ ಆದಾಯದಲ್ಲಿ ಸುಮಾರು 70,000 ಡಾಲರ್ ಒಂದೇ ಸಲ ಬಂದದ್ದು, ಮತ್ತೆ ಬರುವಂಥದ್ದಲ್ಲ. ಅದರಲ್ಲಿ ಬಹುಪಾಲು ನನ್ನ ತಾತನ ಚಿಕಿತ್ಸೆಗೆ ಹೋಗಿದೆ. ಈ ಮೊತ್ತ ಬಿಟ್ಟು ನಮ್ಮ ಲೆಕ್ಕವನ್ನು ಮತ್ತೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ." ಜೊತೆಗೆ ಕ್ರಯಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ, ಆಸ್ಪತ್ರೆ ಬಿಲ್‌ಗಳು, ಎನ್‌ಆರ್‌ಒ ಖಾತೆಯಿಂದ (ಹೊರದೇಶದಲ್ಲಿರುವವರು ಇಂಡಿಯಾದಲ್ಲಿ ಇಡುವ ಬ್ಯಾಂಕ್ ಖಾತೆ) ದುಡ್ಡು ಹೋದ ಸ್ಟೇಟ್‌ಮೆಂಟ್. ಕ್ರಯಪತ್ರ ಕನ್ನಡದಲ್ಲಿತ್ತು, ಹಾಗೇ ಕಳಿಸಿದರೆ ಅಲ್ಲಿ ಓದೋರು ಯಾರು?

ಒಂದು ಕಡೆ ಜಟಾಪಟಿ ಆಯಿತು. ಸೈಟಿನ ದುಡ್ಡಲ್ಲಿ ಒಂಬತ್ತು ಲಕ್ಷ ರೂಪಾಯಿ ಮೈಸೂರಿನ ಬ್ಯಾಂಕಿನಲ್ಲಿ ಎಫ್‌ಡಿ ಇತ್ತು. "ಅದನ್ನ ಹೇಳದಿದ್ರೆ ಏನಂತೆ? ಅವರಿಗೆಲ್ಲಿ ಗೊತ್ತಾಗುತ್ತೆ?" ಅಂದರು ತಂದೆ. ನಾನು ಒಪ್ಪಲಿಲ್ಲ. ಇಂಡಿಯಾದ ಉಳಿತಾಯವೂ ಆಸ್ತಿಯೇ, ತೋರಿಸಲೇಬೇಕು. ಸಹಿ ಹಾಕುವವಳು ಮಗಳು, ಸುಳ್ಳಿನ ಭಾರ ಅವಳ ತಲೆ ಮೇಲೆ ಬರುತ್ತದೆ. ತೋರಿಸಿದರು.

ಇನ್ನೊಂದು ಅಪಾಯವನ್ನು ತಾಯಿಯೇ ಬಾಯಿಬಿಟ್ಟರು. ತಂದೆ 401(ಕೆ) ನಿವೃತ್ತಿ ಖಾತೆಯಿಂದ ದುಡ್ಡು ತೆಗೆಯಲು ಹೊರಟಿದ್ದರು. ಅವರಿಗೆ ಇನ್ನೂ ಐವತ್ತೊಂಬತ್ತೂವರೆ ವರ್ಷ ಆಗಿಲ್ಲ. ತೆರಿಗೆಯ ಜೊತೆ ಶೇ. 10 ದಂಡ ಬೇರೆ. ಅದಕ್ಕಿಂತ ಕೆಟ್ಟದ್ದು, 2025ರಲ್ಲಿ ತೆಗೆದ ದುಡ್ಡು 2025ರ ಆದಾಯವಾಗಿ 2027-28ರ ಅರ್ಜಿಗೆ ಬರುತ್ತದೆ. ಮಗಳ ಕೊನೇ ವರ್ಷದಲ್ಲಿ ಇದೇ ಗೋಳು ಮತ್ತೆ! ಕೈಬಿಡಿ ಅಂದೆ. ಬದಲಿಗೆ, ಮನವಿ ತೀರ್ಮಾನ ಆಗುವವರೆಗೆ ಫೀಸಿಗೆ ಸಮಯ ಕೊಡಿ, ಇಲ್ಲವೇ ತಿಂಗಳ ಕಂತು ಮಾಡಿಕೊಡಿ ಅಂತ ಫೀಸ್ ಕಟ್ಟುವ ಆಫೀಸಿಗೆ ಮಗಳಿಂದ ಮೇಲ್ ಹಾಕಿಸಿದೆ. ಗಡುವು ಮೀರಿದರೆ ರಿಜಿಸ್ಟ್ರೇಷನ್ ತಡೆಹಿಡಿಯುವ ಕಾಲೇಜುಗಳಿವೆ, ಇದನ್ನು ಬಹಳ ಜನ ಮರೆಯುತ್ತಾರೆ.

ಆಗಸ್ಟ್ ಮೊದಲ ವಾರ ಉತ್ತರ ಬಂತು. ಗ್ರಾಂಟ್ 25,000 ಡಾಲರ್. ಪೂರ್ತಿ ಹಳೇ ಮೊತ್ತ ಸಿಗಲಿಲ್ಲ. ಉಳಿದ 6,000 ಯಾಕೆ ಅಂತ ಮಗಳೇ ಫೋನ್ ಮಾಡಿ ಕೇಳಿದಳು. ಅಣ್ಣನ ಓದು ಮುಗಿದದ್ದು ಮುಖ್ಯ ಕಾರಣವಂತೆ. ಇಬ್ಬರು ಮಕ್ಕಳು ಒಟ್ಟಿಗೆ ಓದುತ್ತಿದ್ದಾರೆ ಅನ್ನುವ ಅಂಶವನ್ನು ಫ್ಯಾಫ್ಸಾ ಸೂತ್ರ 2024-25ರಿಂದ ಲೆಕ್ಕಕ್ಕೆ ತಗೊಳ್ಳಲ್ಲ. ಆದರೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಅರ್ಜಿಯನ್ನೂ ಕೇಳುವ ಕೆಲವು ಖಾಸಗಿ ಕಾಲೇಜುಗಳು ತಮ್ಮ ಗ್ರಾಂಟ್‌ಗೆ ಈಗಲೂ ತಗೊಳ್ಳುತ್ತವೆ. ಇವಳ ಕಾಲೇಜೂ ಅಂಥದ್ದೇ. ಇದಕ್ಕೆ ವಾದ ಮಾಡಬೇಡಿ ಅಂದೆ. ಎರಡನೇ ವರ್ಷದವರಿಗೆ ಸಿಗುವ ಸರ್ಕಾರಿ ಡೈರೆಕ್ಟ್ ಲೋನ್‌ನ ಮಿತಿ 6,500 ಡಾಲರ್. ಅದರಲ್ಲಿ 3,500 ತಗೊಂಡು, ಉಳಿದದ್ದನ್ನು ತಿಂಗಳ ಕಂತಿಗೆ ಹಾಕಿದರು. ಖಾಸಗಿ ಸಾಲಕ್ಕೆ ಹೋಗಲಿಲ್ಲ.

2026-27ರ ಅರ್ಜಿಗೆ 2024ರ ಆದಾಯ ಸಾಕು, ಸೈಟಿನ ಲಾಭ ಅದರಲ್ಲಿ ಬರೋದೇ ಇಲ್ಲ. ಎಫ್‌ಡಿ ಮಾತ್ರ ತೋರಿಸಬೇಕು. ಆ ಅರ್ಜಿಯನ್ನು ಅಪ್ಪ, ಮಗಳು ಇಬ್ಬರೂ ಕೂತು ತುಂಬಿದರು. ತಾತನಿಗೆ ನರ್ಸ್ ಖರ್ಚು ಈಗಲೂ ಪ್ರತಿ ತಿಂಗಳು ಹೋಗುತ್ತಿದೆ. ಅದರ ರಸೀದಿಗಳನ್ನು ಈಗ ಮಗಳೇ ಜೋಡಿಸಿಡುತ್ತಿದ್ದಾಳೆ.